ಹಗ್ಗ ಹಿಡಿದವನು ಮೂರ್ಛೆಯಿಂದ ಎದ್ದಾಗ

ಶಿಷ್ಯ ಕೇಳಿದ: "ಗುರುಗಳೇ, ಕಂಪ್ಯೂಟರಿನ ಮಾಹಿತಿ ಕೂಡಿಡುವ ಡಿಸ್ಕುಗಳನ್ನು ಆಳುವ ಕಂಟ್ರೋಲರ್ ಒಮ್ಮೊಮ್ಮೆ ಮೂರ್ಛೆ ಹೋದ ಹಾಗೆ ನಿಂತು, ರಿಸೆಟ್ ಆಗಿ ಏಳುತ್ತದೆ. ಡಿಸ್ಕುಗಳು ತಗಲಿಸಿದಲ್ಲೇ ಇರುತ್ತವೆ. ಆದರೂ ನೀವು ಬರೆಸಿದ ಡ್ರೈವರ್ ಪ್ರೋಗ್ರಾಂ ಒಂದೊಂದು ಡಿಸ್ಕನ್ನೂ 'ಇದ್ದೀಯಾ, ನೀನು ಯಾರು' ಎಂದು ಮತ್ತೆ ಕೇಳುತ್ತ ಕೂರುತ್ತದೆ. ಹಾಗೆ ಕೇಳಿಸುವ ಸಾಲುಗಳನ್ನು ಪ್ರೋಗ್ರಾಮಿನಿಂದ ತೆಗೆದರೆ ಏನು ನಷ್ಟ?"

ಗುರು ಹೇಳಿದ: "ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಈ ಸೀಮೆಯಲ್ಲಿ ನನ್ನಷ್ಟು ರಿಸೆಟ್ ಕಂಡವನು ಇನ್ನೊಬ್ಬನಿದ್ದರೆ ಕರೆದು ತಾ. ಅದಿರಲಿ, ಕೇಳು.

"ಒಬ್ಬ ದೋಣಿಯವನಿದ್ದ. ಹೊಳೆ ಕಡಲು ಸೇರುವಲ್ಲಿ, ಸುಣ್ಣದ ಚಿಪ್ಪು ತೆಗೆಯುವ ಮುಳುಗುಗಾರರನ್ನು ಕರೆದೊಯ್ಯುತ್ತಿದ್ದ. ಮುಳುಗುವವನ ಸೊಂಟಕ್ಕೆ ಹಗ್ಗದ ಒಂದು ತುದಿ, ದೋಣಿಯ ಅಂಚಿನ ಗೂಟಕ್ಕೆ ಇನ್ನೊಂದು. ಮೇಲಿನವನು ಜಗ್ಗಿದರೆ ಕೆಳಗಿನವನು ತಿರುಗಿ ಜಗ್ಗಬೇಕು. ಒಬ್ಬೊಬ್ಬನ ಜಗ್ಗು ಒಂದೊಂದು ಬಗೆ, ಯಾರೆಂದು ಅದರಿಂದಲೇ ತಿಳಿಯಬೇಕು. ಅದು ಅವರ ರೂಢಿ. ಮೊದಲ ಗೂಟ ದೋಣಿಯವನ ಅಪ್ಪನದು. ಮುದುಕ, ಉಸಿರು ಕಡಿಮೆ. ಮುಳುಗಬೇಡ ಅಂದರೆ ಕೇಳುವವನಲ್ಲ. ಅವನನ್ನೇ ಮೊದಲು ಎಳೆಯಬೇಕು.

"ಒಂದು ದಿನ ಮೂವರು ನೀರೊಳಗಿದ್ದರು. ಕಡಲಿನಿಂದ ಅಲೆ ಬಂತು. ಎಂಥ ಅಲೆ! ಅದರ ತುದಿಯಲ್ಲಿ ಕೂತಿದ್ದ ಕೊಕ್ಕರೆ ರೆಕ್ಕೆ ಬಿಚ್ಚದೆ ತೆಂಗಿನ ಗರಿಯ ಮೇಲೆ ಇಳಿಯಿತು. ಸುಳ್ಳಲ್ಲ, ನಾನು ಕಂಡದ್ದು. ದೋಣಿಯವನು ದೋಣಿಯ ಅಂಚಿಗೆ ತಲೆ ಬಡಿಸಿಕೊಂಡು ಮೂರ್ಛೆ ಹೋದ. ಹಗ್ಗಗಳು ಗೂಟದಿಂದ ಕಳಚಿ ಜಾರತೊಡಗಿದವು. ಚಿಪ್ಪು ಕೊಳ್ಳಲು ಬಂದ ಒಬ್ಬ ವ್ಯಾಪಾರಿ ದೋಣಿಯಲ್ಲಿದ್ದ. ಪುಣ್ಯಾತ್ಮ, ಮೂರನ್ನೂ ಹಿಡಿದು, ಕೈಗೆ ಸಿಕ್ಕ ಗೂಟಕ್ಕೆ ಸಿಕ್ಕಿದ್ದನ್ನು ಕಟ್ಟಿದ.

"ದೋಣಿಯವನು ಕಣ್ಣು ಬಿಟ್ಟ. 'ಹಗ್ಗ?' ಅಂದ.

"'ಒಂದೂ ಬಿಟ್ಟಿಲ್ಲ ಮಾರಾಯ. ನೋಡು, ಮೂರು ಗೂಟಕ್ಕೆ ಮೂರು,' ಅಂದ ವ್ಯಾಪಾರಿ.

"ದೋಣಿಯವನು ನೋಡಿದ. ಎಲ್ಲ ಇದ್ದ ಹಾಗೇ ಇತ್ತು. ಜಗ್ಗಿ ಕೇಳಲಿಲ್ಲ. ಕೇಳುತ್ತ ಕೂತರೆ ಅಪ್ಪನ ಉಸಿರು ಹೋದೀತು ಅನ್ನುವ ಅವಸರ. ಮೊದಲ ಗೂಟದ ಹಗ್ಗ ಎಳೆದ. ಎಲ್ಲರಿಗಿಂತ ಗಟ್ಟಿ ಉಸಿರಿನ ಹರೆಯದವನು ಮೇಲೆ ಬಂದು ಬೈದ: 'ನನಗಿನ್ನೂ ಉಸಿರಿತ್ತಲ್ಲೋ! ಚಿಪ್ಪೆಲ್ಲ ಚೆಲ್ಲಿಹೋಯಿತು.'

"ದೋಣಿಯವನು ಎರಡನೆಯದನ್ನು ಎಳೆದ. ಬರಲಿಲ್ಲ. ಇದೇ ಅಪ್ಪ ಅಂದುಕೊಂಡು, ಅಪ್ಪಾ ಅಪ್ಪಾ ಎಂದು ಕೂಗುತ್ತ, ಅಂಗೈ ಚರ್ಮ ಸುಲಿಯುವ ತನಕ ಎಳೆದ. ಅದು ಬಂಡೆಗೆ ಸಿಕ್ಕಿಕೊಂಡ ಬರಿಯ ಹಗ್ಗ. ಅದರವನು ಆಗಲೇ ಗಂಟು ಬಿಚ್ಚಿಕೊಂಡು ಈಜಿ, ದಡದಲ್ಲಿ ನಿಂತು ಕೈ ಬೀಸುತ್ತಿದ್ದ.

"ಮೂರನೆಯದು ಸಲೀಸಾಗಿ ಬಂತು. ಅಪ್ಪ ಅದರಲ್ಲಿದ್ದ. ಚೀಲದ ತುಂಬ ಚಿಪ್ಪು ಇತ್ತು. ಉಸಿರು ಇರಲಿಲ್ಲ."

ಶಿಷ್ಯ ಹೇಳಿದ: "ಗುರುಗಳೇ, ಬೇಗ ಏಳಲಿ ಅಂತ ನಾನು ಆ ಸಾಲುಗಳನ್ನು ತೆಗೆದುಬಿಟ್ಟೆ. ಮೊನ್ನೆಯೇ ಆ ಡ್ರೈವರನ್ನು ಕಳಿಸಿಯೂ ಆಯಿತು. ಆಸ್ಪತ್ರೆಗಳಲ್ಲಿ ರೋಗಿಗಳ ವಿವರ ಇಡುವ ಯಂತ್ರಗಳಿಗೆ ಹೋಗಿದೆ. ಬೆಳಗ್ಗೆ ಒಂದು ಕಡೆ ರಿಸೆಟ್ ಆಗಿ ಎದ್ದಿತಂತೆ. ಡಿಸ್ಕುಗಳೆಲ್ಲ ಇವೆ, ಬರೆದುಕೊಳ್ಳುತ್ತಿವೆ, ಏನೂ ತೊಂದರೆ ಇಲ್ಲ ಅಂದರು."

ಗುರು ಹೇಳಿದ: "ಹಾಗಾದರೆ ಈ ಸಲ ಹೋಗುವುದು ಯಾರ ಅಪ್ಪ ಅನ್ನುವುದೊಂದು ತಿಳಿಯಬೇಕು, ಅಷ್ಟೇ."