ಹೊಸ ಟೈಲ್ ಕೆಳಗೆ

ಕಾರಹುಣ್ಣಿಮೆಯ ದಿನ ಕುಲುಮೆ ಬಿಟ್ಟು ಹೊರಟ ಉಳಿರಾಯ ಎಲ್ಲೂ ನೆಲೆ ನಿಂತವನಲ್ಲ. ಗಾರೆಯವನ ಚೀಲ ಏರಿ ಊರೂರು ಸುತ್ತುತ್ತ ಒಂದು ಮಹಡಿ ಮನೆಯ ಬಚ್ಚಲಿಗೆ ಬಂದ.

"ಮುಟ್ಟಬೇಡವೋ ಅಲೆಮಾರಿ! ನೀರು ಸೋರುತ್ತೆ ಅಂತಲೇ ಹಳೇ ಟೈಲ್ ಮೇಲೆ ನನ್ನನ್ನು ಅಂಟಿಸಿದ್ದಾರೆ. ಈಗ ಎಲ್ಲ ಭದ್ರ," ಎಂದಳು ಹೊಸ ಟೈಲ್.

"ತಟ್ಟಿದರೆ ಡಬಡಬ ಅಂತೀಯಲ್ಲಮ್ಮ," ಎಂದು ಉಳಿ ಹೊಸದನ್ನೂ ಹಳೆಯದನ್ನೂ ಒಟ್ಟಿಗೇ ಎಬ್ಬಿಸಿದ.

ಒಳಗೆ ಇಣುಕಿದ. ಮರಳು ಅಂಬಲಿಯಾಗಿತ್ತು, ಕಬ್ಬಿಣದ ಕಂಬಿ ತುಕ್ಕು ಹಿಡಿದು ಉದುರುತ್ತಿತ್ತು. ಕಾಂಕ್ರೀಟು ಕಳಚಿ ಬಿದ್ದಿದ್ದ ತೂತಿನಲ್ಲಿ ಕೆಳಮನೆಯ ತೊಟ್ಟಿಲು, ಅದರಲ್ಲಿ ಮಲಗಿದ ಮಗು ಕಾಣುತ್ತಿತ್ತು.

"ಅಯ್ಯೋ, ನನಗೆ ಯಾರೂ ಹೇಳಲಿಲ್ಲವಲ್ಲ!" ಎಂದಳು ಟೈಲ್.

"ನಾನು ಕೂಗಿದೆನಲ್ಲ ತಾಯಿ! ಕೂಗಿದ್ದಕ್ಕೇ ನಿನ್ನನ್ನು ತಂದು ನನ್ನ ಬಾಯಿ ಮುಚ್ಚಿದರು," ಎಂದ ಕಂಬಿ.

ಕೆಳಮನೆಯವರು ತೊಟ್ಟಿಲನ್ನು ಆಚೆ ಸರಿಸಿದರು. ಗಾರೆಯವ ಒಡೆದ ಪೈಪು ಬದಲಿಸಿ, ಹೊಸ ಕಂಬಿ ಕಟ್ಟಿ, ಕಾಂಕ್ರೀಟು ಸುರಿದ.

ಉಳಿ ಮತ್ತೆ ಚೀಲ ಏರುತ್ತಿದ್ದಂತೆ ಗೋಡೆಯಾಚೆಯ ಬಚ್ಚಲಿನಿಂದ ದನಿ ಬಂತು: "ಈ ಕಡೆ ಬರಬೇಡಪ್ಪ, ನಮ್ಮದೂ ಹೊಸ ಟೈಲೇ!"