ಜೇಡಿಕಲ್ಲಿನ ಉಪ್ಪು

"ಅಪ್ಪನವರೇ, ಒಬ್ಬ ಮನುಷ್ಯನನ್ನು ನಂಬುವ ಮುಂಚೆ ಎಷ್ಟು ಸಲ ಪರೀಕ್ಷೆ ಮಾಡಬೇಕ್ರಿ?" ಎಂದು ಅಡಿವೆಯ್ಯ ಮಠದ ಗುರುಗಳನ್ನು ಕೇಳಿದ.

ಅಡಿವೆಯ್ಯ ಮಠದ ಶಿಷ್ಯರಲ್ಲಿ ನಡುವಯಸ್ಸಿನವನು. ಒಂದು ಮಾತನ್ನು ಅವನು ಬಹಳ ಕಾಲದಿಂದ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ. ಅದನ್ನು ಯಾರ ಬಳಿಯಾದರೂ ಇಳಿಸದೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಹೇಳಿಕೊಳ್ಳಲು ಇದ್ದವನು ಒಬ್ಬನೇ, ಗೆಳೆಯ ಮುರಿಗೆಪ್ಪ. ಅವನ ಬಾಯಿ ಗಟ್ಟಿಯೇ ಎಂದು ನೋಡಲು ಅಡಿವೆಯ್ಯ ಮೊದಲು ಒಂದು ಸುಳ್ಳು ಗುಟ್ಟು ಹೇಳಿದ. ತನಗೆ ವಾಸಿಯಾಗದ ಕಾಯಿಲೆಯಿದೆ, ಯಾರಿಗೂ ಹೇಳಬೇಡ ಎಂದ. ಊರಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಇನ್ನೊಂದು ಹೇಳಿದ. ಅದೂ ಹೊರಗೆ ಬರಲಿಲ್ಲ. ಈಗ ಮತ್ತೊಂದನ್ನು ಕಟ್ಟುತ್ತಿದ್ದ.

ಗುರುಗಳು ಇದನ್ನೆಲ್ಲ ಕೇಳಿಸಿಕೊಂಡು, "ಕೂತುಕೋ ತಮ್ಮಾ" ಎಂದು ಈ ಕತೆ ಹೇಳಿದರು.

ಒಂದು ನಾಡಿನಲ್ಲಿ ಹೊಗೆಯಿಲ್ಲದ ಒಲೆಯೊಂದಿತ್ತು. ಅದು ಉರಿದರೆ ಮನೆಮನೆಗೂ ಬೆಳಕು. ಒಲೆ ಎಂದ ಮೇಲೆ ಬೂದಿ ಇರಲೇಬೇಕು. ಬೆಳಕಿಗೆ ಕೈಚಾಚಿದ ಜಾಣರು ಯಾರೂ ಬೂದಿಯ ವಿಚಾರ ಎತ್ತಲಿಲ್ಲ. ಆ ಬೂದಿಯೊಳಗೆ ಕಣ್ಣಿಗೆ ಕಾಣದ ಒಂದು ಕಾವು. ಹತ್ತಿರ ನಿಂತವರ ರಕ್ತ ಕೆಡುತ್ತಿತ್ತು. ಇಂದಿನವರು ಅದಕ್ಕೆ ವಿಕಿರಣ ಎನ್ನುತ್ತಾರೆ. ಮೊಮ್ಮಕ್ಕಳ ಮೊಮ್ಮಕ್ಕಳು ಮಣ್ಣಾದರೂ ಅದು ಆರುವಂಥದ್ದಲ್ಲ. ಬೂದಿಯನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ ಕೆರೆಯ ದಂಡೆಯ ಉಗ್ರಾಣದಲ್ಲಿ ಇಟ್ಟಿದ್ದರು. ಪೆಟ್ಟಿಗೆಗಳಿಗೆ ತುಕ್ಕು ಹಿಡಿಯತೊಡಗಿತು. ಊರು ಕುಡಿಯುತ್ತಿದ್ದುದು ಆ ಕೆರೆಯ ನೀರನ್ನೇ.

ದೊರೆ ಒಬ್ಬ ಶಿಲಾಪರೀಕ್ಷಕನನ್ನು ಕರೆಸಿದ. "ಇದನ್ನು ಹೂಳಲು ಒಂದು ಕಲ್ಲು ಹುಡುಕಪ್ಪ. ಮಳೆ ಒಳಗಿಳಿಯಬಾರದು, ಬೂದಿ ಹೊರಬರಬಾರದು" ಎಂದ.

ಪರೀಕ್ಷಕನ ಮಗಳನ್ನು ಕೊಟ್ಟಿದ್ದ ಮನೆಯೂ ಆ ಕೆರೆಯ ದಂಡೆಯಲ್ಲೇ ಇತ್ತು. ಅವನು ಬುತ್ತಿ ಕಟ್ಟಿಸಿಕೊಂಡು ಅಂದೇ ಹೊರಟ.

ಮೊದಲು ಕಗ್ಗಲ್ಲಿನ ಗುಡ್ಡಗಳನ್ನು ನೋಡಿದ. ನೋಡಲು ಭಾರಿ ಗಟ್ಟಿ, ಆದರೆ ಒಳಗೆಲ್ಲ ಬಿರುಕು. ಬಿರುಕುಗಳಲ್ಲಿ ನೀರು ಜಿನುಗುತ್ತಿತ್ತು. ಅವುಗಳನ್ನು ಬಿಟ್ಟು ಮುಂದೆ ಹೋದ. ಕೊನೆಗೆ ಯಾರೂ ತಿರುಗಿ ನೋಡದ ಒಂದು ಬೋಳು ಬೆಟ್ಟ ಸಿಕ್ಕಿತು. ಅದು ಜೇಡಿಕಲ್ಲಿನ ಬೆಟ್ಟ. ಯಾವುದೋ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು. ಅದರ ತಳದ ಕೆಸರೇ ಪದರ ಪದರವಾಗಿ ಕೂತು ಕಲ್ಲಾಗಿತ್ತು. ಗೀರಿದರೆ ಗೀರು ಬೀಳುವಷ್ಟು ಮೆತ್ತಗಿನ ಕಲ್ಲು. ಆದರೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ತೇವ ತಾಗಿದೊಡನೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತಿತ್ತು.

ಅವನ ಮನೆತನದವರು ಕಲ್ಲನ್ನು ನಾಲಿಗೆಯಿಂದ ನೋಡುವವರು. ಅವನು ಉದ್ದನೆಯ ಬೈರಿಗೆಯಿಂದ ಕೊರೆದು, ಆಳದ ಚೂರೊಂದನ್ನು ಮೇಲೆತ್ತಿ ನೆಕ್ಕಿದ. ಉಪ್ಪು! ಆ ಹಳೆಯ ಸಮುದ್ರದ ನೀರು ಇನ್ನೂ ಕಲ್ಲಿನೊಳಗೇ ಇತ್ತು. ಅಷ್ಟು ಕಾಲದ ಮಳೆಯಲ್ಲಿ ಒಂದು ಹನಿಯೂ ಒಳಗಿಳಿದು ಅದನ್ನು ತೊಳೆದಿರಲಿಲ್ಲ. ಮಗಳು ಬದುಕಿದಳು ಎಂದುಕೊಂಡ. ಅವನ ಕಣ್ಣು ತುಂಬಿ ಬಂತು.

ಅಲ್ಲೇ ಬಂಡೆಗೆ ಕಿವಿಯಿಟ್ಟು ಒರಗಿದ. ಹಗಲಲ್ಲೇ ನಿದ್ದೆ ಹತ್ತಿತು. ಕನಸಿನಲ್ಲಿ ಅವನು ಸಮುದ್ರದ ತಳದಲ್ಲಿ ಕುಳಿತಿದ್ದ. ನೀರಲ್ಲಿ ಕಲಸಿದ ರಾಗಿಹಿಟ್ಟು ತಳಕ್ಕೆ ಕೂರುವ ಹಾಗೆ ಕೆಸರು ಸದ್ದಿಲ್ಲದೆ ಇಳಿಯುತ್ತಿತ್ತು. ಮೀನುಗಳ ನೆರಳು ತಲೆಯ ಮೇಲೆ ಹಾದುಹೋಗುತ್ತಿತ್ತು. ಬೂದಿಯ ಪೆಟ್ಟಿಗೆಗಳು ಒಂದೊಂದಾಗಿ ಬಂದು ಅವನ ಪಕ್ಕದಲ್ಲಿ ಕೂತವು. ಕೆಸರು ಅವುಗಳ ಮೇಲೆ ಹೊದಿಕೆ ಎಳೆಯಿತು. ಬಹಳ ಮೇಲೆ, ಬೆಳಕಿನಲ್ಲಿ, ಮಗಳು ಕೊಡ ತುಂಬಿಕೊಳ್ಳುತ್ತಿದ್ದಳು.

ಎಚ್ಚರವಾದಾಗ ಎದ್ದು ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಇಲ್ಲೇನೋ ಚೆನ್ನಾಗಿದೆ, ಆ ದಿಬ್ಬದ ಬಳಿ ಹೇಗೋ ಎನಿಸಿತು. ಅಲ್ಲಿಯೂ ಕೊರೆದ. ಉಪ್ಪು. ಆಚೆ ಇಳಿಜಾರಿನಲ್ಲಿ ಕೊರೆದ. ಉಪ್ಪು. ಪ್ರತಿ ಸಲವೂ ಅಲ್ಲೇ ಒರಗಿದ, ಪ್ರತಿ ಸಲವೂ ಆ ಸಮುದ್ರ ಬಂತು. ಆದರೂ "ಇದೇ ಕಲ್ಲು" ಎಂದು ಹೇಳಿಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಮಗಳ ಜೀವದ ಪ್ರಶ್ನೆ, ಇನ್ನೊಂದು ಸಲ ನೋಡಿದರೆ ಗಂಟೇನು ಹೋಗುತ್ತದೆ ಎಂದು ಮತ್ತೆ ಬೈರಿಗೆ ಎತ್ತುತ್ತಿದ್ದ. ಮಳೆಗಾಲ ಬಂತು, ಹೋಯಿತು. ದೊರೆಯ ಆಳುಗಳು ಬಂದು ಕೇಳಿದರೆ, ಇನ್ನೊಂದೇ ಚೂರು ಎಂದು ಸಾಗಹಾಕುತ್ತಿದ್ದ.

ಒಂದು ದಿನ ನೆಕ್ಕಿದ ಚೂರಿನಲ್ಲಿ ಉಪ್ಪಿರಲಿಲ್ಲ. ಸಪ್ಪೆ. ಮೊದಲು ಅವನಿಗೆ ಸಂತೋಷವೇ ಆಯಿತು. ನನ್ನ ಅನುಮಾನ ಸುಳ್ಳಾಗಲಿಲ್ಲ ಎಂದು ಎದೆ ತಟ್ಟಿಕೊಂಡ. ಮತ್ತೊಮ್ಮೆ ನಾಲಿಗೆಗೆ ಹಚ್ಚಿದ. ಅದು ಹೋದ ಮಳೆಗಾಲದ ನೀರಿನ ರುಚಿ. ತಿರುಗಿ ನೋಡಿದ. ಬೆಟ್ಟದ ಮೈತುಂಬ ಅವನೇ ಕೊರೆದ ತೂತುಗಳು ಬಾಯಿ ತೆರೆದು ನಿಂತಿದ್ದವು. ಒಂದೊಂದರಲ್ಲೂ ನೀರು, ಒಂದೊಂದರಲ್ಲೂ ಚೂರು ಆಕಾಶ.

ಅವನು ಜೇಡಿಮಣ್ಣು ಕಲಸಿ ತಂದು ತೂತುಗಳಿಗೆ ಒತ್ತಿ ತುಂಬಿದ. ಕೂದಲೆಳೆಯ ಬಿರುಕಾದರೆ ಕಲ್ಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಮುಷ್ಟಿ ಹಿಡಿಸುವ ತೂತನ್ನು ಮುಚ್ಚಿಕೊಳ್ಳುವುದು ಅದಕ್ಕೆ ಗೊತ್ತಿರಲಿಲ್ಲ. ಅವನು ಮೆತ್ತಿದ ಮಣ್ಣು ನಾಲ್ಕಾರು ತಲೆಮಾರು ಬಾಳೀತು, ಬೂದಿ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತಿತ್ತು. ಸುಸ್ತಾಗಿ ಬಂಡೆಗೆ ಒರಗಿದ. ನಿದ್ದೆ ಬಂತು, ಸಮುದ್ರ ಬರಲಿಲ್ಲ. ಎದ್ದು ಕೂತು ಮಗುವಿನ ಹಾಗೆ ಅತ್ತ.

ಊರಿಗೆ ಬಂದಾಗ ದೊರೆ, "ಏನಪ್ಪ, ಕಲ್ಲು ಹೇಗಿದೆ?" ಎಂದು ಕೇಳಿದ.

"ಚೆನ್ನಾಗಿತ್ತು, ದೊರೆ" ಎಂದ ಪರೀಕ್ಷಕ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯ, "ಆದರೆ ಅಪ್ಪನವರೇ, ಮುರಿಗೆಪ್ಪನ ಬಾಯಿಂದ ಇನ್ನೂ ಒಂದು ಮಾತೂ ಸೋರಿಲ್ಲಲ್ರಿ" ಎಂದ.

"ಸೋರಿಲ್ಲ ತಮ್ಮಾ; ನೀನು ಸಾಯುತ್ತೀಯೆಂದು ನಂಬಿ, ಯಾರಿಗೂ ಹೇಳಲಾಗದೆ, ಅವನು ಒಬ್ಬನೇ ಕೂತು ಅಳುತ್ತಿದ್ದಾನೆ" ಎಂದರು ಗುರುಗಳು.