ನಡುನೀರಲ್ಲಿ ತಿರುಗಿದ ಹರಿಗೋಲು

ಆ ಬಾಗ್ಲು ಹಾಕ್ಬಾ ಮಗ. ನಿಮ್ಮಪ್ಪ, ಚಿಕ್ಕಪ್ಪ ಇಬ್ರೂ ಎಲೆಕ್ಷನ್ನು ಎಲೆಕ್ಷನ್ನು ಅಂತ ಹೊರಗೆ ಕಿರುಚಾಡ್ತಾ ಇದ್ರೆ ನಿಂಗೆ ನಿದ್ದೆ ಎಲ್ಲಿಂದ ಬರ್ಬೇಕು? ಬಾ, ಇಂಥವರದೇ ಕತೆ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಟೀವಿ ಗೀವಿ ಇಲ್ದೇನೂ ಜನ ಹಿಂಗೇ ಕಿತ್ತಾಡ್ತಿದ್ದ ಕಾಲದಲ್ಲಿ, ಹೊಳೆ ದಡದಲ್ಲಿ ಜವರ, ಕಾಳ, ಸಣ್ಣಪ್ಪ ಅಂತ ಮೂರು ಜನ ಅಣ್ಣತಮ್ಮಂದಿರು ಹರಿಗೋಲು ನಡೆಸ್ಕೊಂಡು ಇದ್ರಂತೆ. ಅವರ ತಂಗಿ ದ್ಯಾವಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ಳಂತೆ. ಅದೇ ಹೊತ್ಗೆ ಆ ಸೀಮೆ ರಾಜ ತೀರ್ಕೊಂಡು, ಪಟ್ಟ ದೊಡ್ಡ ಮಗನಿಗಾ ಚಿಕ್ಕ ಮಗನಿಗಾ ಅಂತ ಊರೇ ಎರಡು ಪಾಲಾಯ್ತಂತೆ. ಜವರ ದೊಡ್ಡವನ ಕಡೆ, ಕಾಳ ಚಿಕ್ಕವನ ಕಡೆ, ಸಣ್ಣಪ್ಪ ಇಬ್ರೂ ಕಳ್ಳರು ಅಂತ ಎಲ್ಲರಿಗಿಂತ ಜೋರಾಗಿ ಕೂಗೋನಂತೆ. ಆ ರಾಜಕುಮಾರರಿಗೆ ಇವರ ಹೆಸರಾದ್ರೂ ಗೊತ್ತಿತ್ತಾ? ಅವರು ಅರಮನೇಲಿ ಹೋಳಿಗೆ ತುಪ್ಪ ತಿಂತಾ ಇದ್ರು, ಇವರಿಲ್ಲಿ ಗಂಟಲು ಹರ್ಕೊಳ್ತಾ ಇದ್ರು. ನೆನೆಸ್ಕೊಂಡ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ.

ಆಮೇಲೆ ಒಂದು ಬೆಳಗ್ಗೆ ದ್ಯಾವಮ್ಮಂಗೆ ನೋವು ಶುರುವಾಯ್ತಂತೆ. ಸೂಲಗಿತ್ತಿ ಇದ್ದಿದ್ದು ಆಚೆ ದಡದಲ್ಲಿ. ಮೂವರೂ ತಂಗೀನ ಹರಿಗೋಲಲ್ಲಿ ಕೂರಿಸ್ಕೊಂಡು ಹೊರಟ್ರಂತೆ. ಹರಿಗೋಲು ಬುಟ್ಟಿ ಥರ ದುಂಡಗಿರುತ್ತಲ್ಲ, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಎಲ್ರೂ ಒಂದೇ ಹದದಲ್ಲಿ ಹುಟ್ಟು ಹಾಕಿದ್ರೆ ಸಾಗುತ್ತೆ, ಇಲ್ದಿದ್ರೆ ಇದ್ದಲ್ಲೇ ತಿರುಗುತ್ತೆ. ಇವರಿಗೆ ಗೊತ್ತಿಲ್ದಿದ್ದೇನಲ್ಲ. ಆದ್ರೂ ನಡುನೀರಿಗೆ ಬರೋಷ್ಟರಲ್ಲಿ ಜವರ ಪಟ್ಟದ ಮಾತು ತೆಗೆದ, ಕಾಳ ಉರ್ಕೊಂಡ, ಸಿಟ್ಟಲ್ಲಿ ಒಬ್ಬ ಬಿರುಸಾಗಿ ಎಳೆದ, ಇನ್ನೊಬ್ಬ ಎಳೆಯೋದೇ ಮರೆತ, ಹರಿಗೋಲು ಗಿರ್ರಂತ ತಿರುಗ್ತಂತೆ. ನೋವು ಕಣಣ್ಣ ಅಂದ್ಳಂತೆ ದ್ಯಾವಮ್ಮ. ಜಗಳ ಬಿಟ್ಟು ಹುಟ್ಟು ಹಾಕಿದ್ರು. ಸ್ವಲ್ಪ ದೂರ ಹೋಗಿ ಮತ್ತೆ ಶುರು, ಮತ್ತೆ ತಿರುಗ್ತು. ಕೈ ಮುಗೀತೀನಿ, ದಡಕ್ಕೆ ಹೋಗಿ ಹೊಡೆದಾಡ್ಕೊಳ್ಳಿ ಅಂದ್ಳಂತೆ. ಮೂರನೇ ಸಲ ಸಣ್ಣಪ್ಪ ಅದೇನೋ ಅಂದ, ಜವರ ಎದ್ದೇ ನಿಂತ, ಹರಿಗೋಲು ಬಂಡೆ ಕಡೆ ಹೊರಳ್ತಂತೆ. ಒಡಹುಟ್ಟಿದೋಳು ಹಲ್ಲು ಕಚ್ಕೊಂಡು ಒದ್ದಾಡ್ತಿದ್ರೆ ಇವರಿಗೆ ಸಿಂಹಾಸನದ ಚಿಂತೆ. ಇವರ ಬುದ್ಧಿಗಿಷ್ಟು ಬೆಂಕಿ ಹಾಕ.

ಆಗ ದ್ಯಾವಮ್ಮ ಅಳಲಿಲ್ಲ, ಬೇಡಲಿಲ್ಲ. ಅಣ್ಣ, ನಿನ್ನ ಕೈ ಎಲ್ಲಿದೆ ನೋಡ್ಕೋ ಅಂದ್ಳಂತೆ. ಜವರ ನೋಡ್ಕೊಂಡ್ರೆ, ನೀರಲ್ಲಿ ಇರಬೇಕಾದ ಹುಟ್ಟು ಸಣ್ಣಪ್ಪನ ತಲೆ ಮೇಲಿದೆ. ಯಾವಾಗ ಎತ್ತಿದ್ನೋ ಅವನಿಗೇ ಗೊತ್ತಿಲ್ಲ. ಹುಟ್ಟು ಕೆಳಗಿಳಿಸಿ ಕೂತನಂತೆ. ಉಸಿರು ಬಿಡು, ಹುಟ್ಟು ನೀರಿಗೆ ಹಾಕಿ ಎಳಿ, ಆಮೇಲೂ ಮಾತು ಉಳಿದಿದ್ರೆ ಆಡು ಅಂದ್ಳಂತೆ ಅವಳು. ಹಂಗೇ ಮಾಡಿದ್ರಂತೆ, ಹರಿಗೋಲು ಬಂಡೆ ತಪ್ಪಿಸ್ಕೊಂಡು ಮುಂದೆ ಸಾಗ್ತಂತೆ. ಕಾಳನ ನಾಲಿಗೆ ತುದಿಗೆ ಮಾತು ಬಂತು, ಉಸಿರು ಬಿಟ್ಟು ಎಳೆಯೋಷ್ಟರಲ್ಲಿ ಅದರ ಖಾರ ಅರ್ಧ ಇಳೀತು. ಸಣ್ಣಪ್ಪಂಗೆ ಮಾತ್ರ ಮರೆತೇ ಹೋಗೋದು, ಹರಿಗೋಲು ವಾಲೋದು, ಆಗ ನೆನಪಾಗಿ ಮತ್ತೆ ಉಸಿರು ಬಿಡೋನಂತೆ.

ಹಂಗೂ ಹಿಂಗೂ ಆಚೆ ದಡ ಸೇರಿ, ಸೂಲಗಿತ್ತಿ ಮನೇಲಿ ಹೆಣ್ಣುಮಗು ಆಯ್ತಂತೆ, ತಾಯಿ ಮಗು ಚೆನ್ನಾಗಿದ್ರಂತೆ. ಆಮೇಲೆ ಚಿಕ್ಕ ರಾಜಕುಮಾರನಿಗೇ ಪಟ್ಟ ಆಯ್ತು ಅಂತ ಸುದ್ದಿ ಬಂತು, ಜವರ ಕೆಂಡವಾದ. ಅವನು ಬಾಯಿ ತೆಗೆಯೋಕೆ ಮುಂಚೆ ದ್ಯಾವಮ್ಮ ನಿದ್ದೆ ಮಾಡ್ತಿದ್ದ ಮಗೂನ ತಂದು ಅವನ ತೊಡೆ ಮೇಲಿಟ್ಟು, ಈಗ ಆಡು ಅಂದ್ಳಂತೆ. ಅವನು ಮಗು ಮುಖ ನೋಡಿ, ಉಸಿರು ಬಿಟ್ಟು, ಇದು ಅನ್ಯಾಯ ಕಣೋ ಕಾಳ, ನಾನು ಒಪ್ಪಲ್ಲ ಅಂತ ಪಿಸುಗುಟ್ಟಿದನಂತೆ. ಸಾಯೋವರೆಗೂ ಒಪ್ಪಲಿಲ್ಲ. ಕಾಳನೂ ತನ್ನ ಪಟ್ಟು ಬಿಡಲಿಲ್ಲ. ಆದ್ರೆ ಅವತ್ತು ಅವರ ಮಾತಿಗೆ ಮಗೂಗೆ ಮಾತ್ರ ಎಚ್ಚರ ಆಗ್ಲಿಲ್ಲವಂತೆ. ಅಲ್ಲಿಗೆ ನನ್ನ ಕತೆ ಮುಗೀತು, ನೀನು ಕಣ್ಣು ಮುಚ್ಚು.